ಹೊಟ್ಟೆಗೆ ಹಾಕಿಕೊಂಡದ್ದು

ಇಗರ್ಜಿಯ ನೆಲಮಾಳಿಗೆ, ಅಡುಗೆಮನೆ, ನಾನೊಬ್ಬಳೇ.
ಮೇಲೆ ಯಾರೋ ಆರ್ಗನ್ನಿನ ದೂಳು ಒರೆಸುತ್ತಿದ್ದಾರೆ,
ಕೈತಪ್ಪಿ ಹೊರಟ ಒಂದು ಮಂದ್ರ ಸ್ವರಕ್ಕೆ
ಗೂಡಿನ ಬಟ್ಟಲುಗಳು ನಡುಗುತ್ತವೆ.
ಹೊರಗೆ ನಾರ್ತ್ ಡಕೋಟದ ಜನವರಿ.
ಎಂಜಿನ್ನು ಹೆಪ್ಪುಗಟ್ಟದಿರಲೆಂದು ಕಾರುಗಳಿಗೆ ಕರೆಂಟಿನ ವೈರು ಸಿಕ್ಕಿಸಿದ್ದೇವೆ,
ಗೂಟಕ್ಕೆ ಕಟ್ಟಿದ ದನಗಳ ಹಾಗೆ ನಿಂತಿವೆ.

ಮೊದಲು ಕೈ ತೊಳೆಯಬೇಕು. ಆಮೇಲೆ ನಲ್ಲಿಯ ಹಿಡಿ.
ಆಮೇಲೆ ಮತ್ತೆ ಕೈ.
ಹಸಿರು ಟೇಪು ಸುತ್ತಿದ ಸೌಟು, ಹಸಿರು ಟೇಪಿನ ಜರಡಿ,
ವರ್ಲಿನ್ ಎಂದು ಬರೆದು ಅಂಟಿಸಿದ ಗಾಜಿನ ಟ್ರೇ:
ಇವನ್ನು ಯಾರೂ ಮುಟ್ಟುವಂತಿಲ್ಲ.
ಪಾದ್ರಿಯ ಹೆಂಡತಿಯೂ. ಒಮ್ಮೆ ಮುಟ್ಟಿದ್ದಳು, ಹೇಳಿದ್ದೇನೆ.

ವರ್ಲಿನ್ ಟೋಲೆಫ್ಸನ್ ನಲವತ್ತೊಂದು ವರ್ಷ ಗೋಧಿ ಬೆಳೆದವನು.
ಅವನಪ್ಪನದೂ ಗೋಧಿ. ಅಜ್ಜ ನಾರ್ವೆಯಿಂದ ತಂದ
ಮರದ ಪೆಟ್ಟಿಗೆಯ ಮೂಲೆಯಲ್ಲೂ ನಾಲ್ಕು ಕಾಳು ಇದ್ದುವಂತೆ,
ಅವನು ಹೇಳುವುದು.
ಅರವತ್ತೆರಡನೆಯ ವಯಸ್ಸಿಗೆ ನಲವತ್ತು ಪೌಂಡು ಕರಗಿದ.
ಫಾರ್ಗೋದ ಡಾಕ್ಟರು ಕರುಳಿನ ಚಿತ್ರ ತೋರಿಸಿ, ಗೋಧಿ, ಅಂದರು.
ಯಾವುದು, ಡ್ಯೂರಮ್ಮೋ ಕೆಂಪು ಗೋಧಿಯೋ,
ಅಂತ ಕೇಳಿದನಂತೆ.

ಅಣಬೆ ಹೆಚ್ಚುತ್ತೇನೆ.
ಡಬ್ಬಿಯ ಸೂಪು ಸುರಿದಿದ್ದರೆ ಎರಡು ನಿಮಿಷದ ಕೆಲಸ,
ನನ್ನ ತಾಯಿ ಮಾಡಿದ್ದು ಹಾಗೆ, ಅವಳ ತಾಯಿಯೂ.
ಅದರಲ್ಲಿ ಹಿಟ್ಟಿದೆ. ಹಾಗಾಗಿ ಬೆಣ್ಣೆ, ಈರುಳ್ಳಿ, ಹಾಲು,
ತಣ್ಣೀರಲ್ಲಿ ಕದಡಿದ ಕಾರ್ನ್‌ಫ್ಲೋರ್.
ಕೈ ಬಿಡದೆ ತಿರುವಬೇಕು.
ಯೋಚನೆ ಬೇರೆ ಕಡೆ ಹೋಯಿತೋ, ಗಂಟು.

ಯೋಚನೆ ಹೋಗುವುದು ಆ ನವೆಂಬರಿಗೆ.
ಬರ್ನೀಸ್ ಹೌಗನ್‌ಳನ್ನು ಮಣ್ಣು ಮಾಡಿ ಬಂದವರಿಗೆ ಊಟ.
ನಾನು ಎಲ್ಲ ಸರಿಯಾಗಿಯೇ ಮಾಡಿದ್ದೆ,
ಆಲೂಗೆಡ್ಡೆ ಉಂಡೆಯ ಚೀಲವನ್ನು ಹಿಂದೆ ಮುಂದೆ ಓದಿದ್ದೆ.
ಕೊನೆಗೆ ಸಪ್ಪೆ ಅನ್ನಿಸಿತು.
ಕಪಾಟಿನಲ್ಲಿ ಟ್ಯಾಕೊ ಮಸಾಲೆ ಇತ್ತು, ಅರ್ಧ ಪೊಟ್ಟಣ.
ಮಸಾಲೆ ಅಂದರೆ ಮಸಾಲೆ ತಾನೆ, ಅದರಲ್ಲೇನು ಗೋಧಿ?

ಎರಡು ಸಲ ಬಡಿಸಿಕೊಂಡ.
ಲವಾನ್, ಇವತ್ತು ರುಚಿ ಬಂದಿದೆ ನೋಡು, ಅಂದ.

ರಾತ್ರಿ ಮೂರಕ್ಕೆ ಅವನ ಹೆಂಡತಿಯ ಫೋನು: ಏನೇನು ಹಾಕಿದ್ದೆ?
ಆರ್ಡಿಸ್ ಬೈಯಲಿಲ್ಲ. ಅವಳಿಗೆ ಪಟ್ಟಿ ಬೇಕಿತ್ತು.
ನೈಟಿಯ ಮೇಲೆ ಕೋಟು ಹಾಕಿಕೊಂಡು, ಹಿಮ ತುಳಿದು, ಇಲ್ಲಿಗೆ ಬಂದು
ಕಸದ ಬುಟ್ಟಿ ನೆಲಕ್ಕೆ ಸುರಿದು ಪೊಟ್ಟಣ ಹೆಕ್ಕಿದೆ.
ಒಲೆಯ ಮೇಲಿನ ದೀಪದಡಿ ಹಿಡಿದೆ. ಇರುವೆ ಸಾಲಿನಂಥ ಅಕ್ಷರ.
ಏಳನೆಯದು.

ಹನ್ನೊಂದು ದಿನ ಹಾಸಿಗೆ ಹಿಡಿದ.
ಹನ್ನೆರಡನೆಯ ದಿನ ಹೋದೆ, ಬರಿಗೈಯಲ್ಲಿ.
ನಮ್ಮೂರಲ್ಲಿ ಕಾಯಿಲೆಯವರ ಮನೆಗೆ ಯಾರೂ ಬರಿಗೈಯಲ್ಲಿ ಹೋಗುವುದಿಲ್ಲ.
ನಾನು ಏನು ಒಯ್ಯಲಿ?
ಕಿಟಕಿಯ ಬಳಿ ಕೂತು ಬಿಳಿ ಹೊಲ ನೋಡುತ್ತಿದ್ದ,
ಅಂಗಿಯ ಕೊರಳಲ್ಲಿ ಇನ್ನೊಂದು ಕುತ್ತಿಗೆಗೆ ಜಾಗವಿತ್ತು.
ಗೋಧಿ ಬೆಲೆ ಇಳಿದಿದೆ, ಅಂದ.
ಈ ಸಲ ಚಳಿ ಬೇಗ ಬಂತು, ಅಂದ.
ನನ್ನ ತಪ್ಪು ನನ್ನ ಬಾಯಿಂದ ಹೊರಡುವ ಮೊದಲೇ
ಅದನ್ನು ಹೊಟ್ಟೆಗೆ ಹಾಕಿಕೊಂಡ,
ಚಿಟಿಕೆ ಹಿಟ್ಟು ತಾಳದ ಅದೇ ಹೊಟ್ಟೆಗೆ.
ಭಾನುವಾರ ಹಾಟ್‌ಡಿಶ್ ಉಂಟಾ? ಬರ್ತೇನೆ.

ಈಗ ಪೊಟ್ಟಣಗಳಿಲ್ಲ. ಇಡಿ ಮೆಣಸು ತಂದು ನಾನೇ ಕುಟ್ಟುತ್ತೇನೆ,
ಉಪ್ಪು, ಬೆಳ್ಳುಳ್ಳಿ,
ಕಿಟಕಿಯ ಕುಂಡದಲ್ಲಿ ಹೇಗೋ ಬದುಕಿಕೊಂಡಿರುವ ಸೇಜ್ ಗಿಡದ ಆರೇಳು ಎಲೆ.
ಉಂಡೆಗಳನ್ನು ಸಾಲಾಗಿ ಜೋಡಿಸುತ್ತೇನೆ;
ಬಿತ್ತಿದ ಗೆರೆ ಸೊಟ್ಟಗಿದ್ದರೆ ಅವನಿಗೆ ಆಗುವುದಿಲ್ಲ.

ಹನ್ನೆರಡಕ್ಕೆ ಮೆಟ್ಟಿಲ ಮೇಲೆ ಬೂಟಿನ ಸದ್ದು.
ಕಣಜದಿಂದ ಲಾರಿಗೆ ಗೋಧಿ ತುಂಬಿ ಬಂದಿದ್ದಾನೆ,
ಹೊರಗೇ ಕೋಟು ಕಳಚಿ ಕೊಡವುತ್ತಿದ್ದಾನೆ,
ಆ ಚಳಿಯಲ್ಲಿ, ಬರೀ ಅಂಗಿಯಲ್ಲಿ.
ಬಂದು ಕೂತು ಒಂದು ಚಮಚ ಬಾಯಿಗಿಟ್ಟು
ಸಪ್ಪೆ, ಅನ್ನುತ್ತಾನೆ.
ಉಪ್ಪಿನ ಬುಡ್ಡಿಗೆ ಕೈ ಚಾಚುತ್ತಾನೆ,
ಇನ್ನೊಂದು ಕೈಯಲ್ಲಿ ತಟ್ಟೆಯನ್ನು ನನ್ನತ್ತ ತಳ್ಳುತ್ತಾ.