ನಾಲ್ಕನೆಯ ಪೆಟ್ಟು

ತಿಂಗಳ ಎರಡನೇ ಮಂಗಳವಾರ ಅಂಗಡಿಯ ಷಟರ್ ಅರ್ಧ ಎಳೆದು
ಏಳು ಮಡಚುಕುರ್ಚಿ ಬಿಡಿಸಿ
ಒಂದೇ ಒಂದು ತಟ್ಟೆ ಹಾಕುತ್ತೇನೆ.
ಷೆಫೀಲ್ಡ್, ಆಟರ್‌ಕ್ಲಿಫ್ ರಸ್ತೆ. ಆಚೆ ಟ್ರಾಮಿನ ಕಿರಗುಟ್ಟು.
ಈ ಸಲದ್ದು ಎಂಬತ್ತೆರಡನೇ ಇಸವಿಯದು, "ವಿಂಟರ್ ಟೈಮ್‌ಟೇಬಲ್":
ಇದೇ ಊರಿನ ನಾಲ್ವರು ಹುಡುಗರು, ಮೂರು ಸಿಂಥಸೈಜರ್,
ಅದರಲ್ಲೊಂದು ಸಾಲದ್ದು, ಮತ್ತೊಂದು ಟೇಪ್ ರೆಕಾರ್ಡರ್.
ಡ್ರಮ್ ಬಾರಿಸಲು ಒಬ್ಬನಿಗೂ ಬರುತ್ತಿರಲಿಲ್ಲ.

"ಫ್ರಿಜ್ಜಿನೊಳಗೆ ಕೂತು ಪ್ರೇಮಪತ್ರ ಓದಿದ ಹಾಗಿದೆ"
ಅಂದಳು ಬೆವರ್ಲಿ. ಹೊಗಳಿದಳೋ ತೆಗಳಿದಳೋ
ಅವಳಿಗೂ ಖಾತ್ರಿಯಿಲ್ಲ;
ಬಿಸ್ಕತ್ತು ಮುರಿದು ಚಹಾದಲ್ಲಿ ಮುಳುಗಿತು.
ನಿವೃತ್ತ ಗಣಿತದ ಮೇಷ್ಟ್ರು ಲಯನೆಲ್ ಕ್ರೂಕ್ಸ್ ಪುಸ್ತಕ ತೆರೆದು,
"ಮೊದಲ ಬದಿಗೆ ಎಂಟು. ಎರಡನೆಯದಕ್ಕೆ ಮೂರೂವರೆ.
ಆ ಸ್ಯಾಕ್ಸೊಫೋನ್ ಯಾರ ತಲೆಗೆ ಹೊಳೆದದ್ದೋ,
ಅವರು ಮುಂದೆ ಬಂದು ಒಪ್ಪಿಕೊಳ್ಳಲಿ."
ಇಪ್ಪತ್ತಮೂರರ ಕೀರನ್ ಮೂಗು ಮುರಿದ:
ಇಷ್ಟನ್ನು ಅವನು ಬಸ್ಸಲ್ಲಿ ಕೂತು ಫೋನಿನಲ್ಲೇ ಮಾಡುತ್ತಾನಂತೆ.
ಆಮೇಲೆ ಮೆಲ್ಲಗೆ, ಆ ಮೂರನೆಯದನ್ನು ಇನ್ನೊಮ್ಮೆ ಹಾಕ್ತೀರಾ?
ಡೆನೀಸ್ ಮಾತ್ರ ಕೋಟಿನ ಗುಂಡಿ ತಿರುವುತ್ತ,
"ಇದು ಬಂದಾಗ ನನಗೆ ಹದಿನೇಳು. ನನ್ನನ್ನು ಕೇಳಬೇಡಿ.
ನಾನು ಸಾಕ್ಷಿಯಲ್ಲ, ಕಕ್ಷಿದಾರಳು."

ನನ್ನ ಅಭಿಪ್ರಾಯ ನಲವತ್ತು ವರ್ಷ ಹಳೆಯದು,
ಇಸ್ತ್ರಿ ಮಾಡಿಟ್ಟ ಹಾಗೆ ಗರಿಗರಿ:
ಈ ತಟ್ಟೆ ನನಗಿಷ್ಟ, ಇದರಲ್ಲಿ ಮನುಷ್ಯರ ಬೆವರಿಲ್ಲ ಅಂತಲೇ.
ಶುದ್ಧ ವಿದ್ಯುತ್ತು. ಅಳುವ ಗಿಟಾರಿಲ್ಲ, ಏದುಸಿರಿಲ್ಲ.
ಒಂದೇ ಒಂದು ಕಳಂಕ, ಎಲ್ಲರಿಗೂ ಗೊತ್ತಿರುವುದೇ:
ಮೂರನೇ ಹಾಡಿನ ಆ ಕಬ್ಬಿಣದ ಗುದ್ದು,
ಅದರ ನಾಲ್ಕನೆಯ ಪೆಟ್ಟು ಕೂದಲೆಳೆಯಷ್ಟು ತಡ.
"ಟೇಪು ಕತ್ತರಿಸಿದವನು ಕುಡಿದಿದ್ದ" ಅಂತ ಲಯನೆಲ್.
ನಾನೂ ಹಾಗೇ ಹೇಳುತ್ತ ಬಂದವನು.

ಆಗ ಷಟರ್ ಬಡಿಯಿತು.
ಪಕ್ಕದ ಲಾಂಡ್ರಿಯ ಫಖ್ರಿಯಾ, ತೋಳು ಮಡಚಿದ್ದಾಳೆ,
ಹೆಗಲ ಮೇಲೆ ಯಾರದೋ ಹೋಟೆಲಿನ ಬಿಳಿ ಟವೆಲ್ಲು.
"ನನ್ನ ಗೋಡೆ ಅದುರುತ್ತಿದೆ, ಸ್ವಲ್ಪ ತಗ್ಗಿ..."
ಮಾತು ಅಲ್ಲೇ ನಿಂತಿತು.
ಒಂದು. ಎರಡು. ಮೂರು.
ಅವಳ ಗಲ್ಲ ಮೇಲೆದ್ದು ಕಾಯಿತು.
ನಾಲ್ಕು.

"ಇದು ಅಪ್ಪ" ಅಂದಳು.

ಏಡನ್ನಿನಿಂದ ಹಡಗು ಹತ್ತಿ ಬಂದ ಮುಕ್ಬಿಲ್,
ಕೆಳಗಿನ ಕುಲುಮೆಯಲ್ಲಿ ಇಪ್ಪತ್ತೆರಡು ವರ್ಷ ದೊಡ್ಡ ಸುತ್ತಿಗೆ ನಡೆಸಿದವನು.
ಎಡ ಮೊಣಕಾಲು ಕೆಟ್ಟಿತ್ತು; ಮೂರು ಪೆಟ್ಟು ತುಳಿದು
ನಾಲ್ಕಕ್ಕೆ ಭಾರ ಬಲಕ್ಕೆ ಹಾಕಬೇಕಿತ್ತು.
ಎರಡು ಬೀದಿ ಆಚೆಯ ಅಡುಗೆಮನೆಯಲ್ಲಿ ಅಮ್ಮ
ಆ ಕುಂಟು ಕೇಳಿಸಿತೆಂದರೆ ಅವನದೇ ಪಾಳಿ ಎಂದು
ಹಿಟ್ಟು ಕಲಸಲು ಕೂರುತ್ತಿದ್ದಳು.
"ಯಾರೋ ಹುಡುಗರು ಬೇಲಿ ಆಚೆ ಮೈಕು ಹಿಡಿದು ನಿಂತಿದ್ದರಂತೆ.
ಪೊಲೀಸರಿರಬೇಕು ಅಂತ ಇವನು ಹೆದರಿದ್ದ."

ಕುಲುಮೆ ಮುಚ್ಚಿತು. ಈಗ ಅಲ್ಲಿ ಕಾರು ನಿಲ್ಲಿಸುತ್ತಾರೆ,
ಗಂಟೆಗೆ ಎರಡು ಪೌಂಡ್.

ಯಾರೂ ಮಾತಾಡಲಿಲ್ಲ. ಲಯನೆಲ್ ತನ್ನ ಪುಸ್ತಕದಲ್ಲಿ
ಏನೋ ಹೊಡೆದು ಹಾಕಿದ, ಬದಲಿಗೆ ಏನೂ ಬರೆಯಲಿಲ್ಲ.
ಕೀರನ್ ಎದ್ದು ತನ್ನ ಕುರ್ಚಿ ಕೊಟ್ಟ. ಅವಳು ಕೂರಲಿಲ್ಲ,
ನಿಂತೇ ಕೇಳಿದಳು, ಸೂಜಿ ಒಳಸುತ್ತಿಗೆ ಹೋಗಿ ಕೆರೆಯುವ ತನಕ.

ಹೇಗಿದೆ ಆಲ್ಬಮ್ಮು, ಬೆವರ್ಲಿ ಕೇಳಿಯೇ ಬಿಟ್ಟಳು.

ಫಖ್ರಿಯಾ ಟವೆಲ್ಲನ್ನು ನಾಲ್ಕಾಗಿ ಮಡಚಿದಳು.
"ಹಾಡುವವನ ದನಿ ಆರಿದ ಚಹಾ.
ಆ ಪೀಪಿ ಸಹಿಸಲಾರೆ.
ಸುತ್ತಿಗೆ ಪರವಾಗಿಲ್ಲ."
ಡ್ರೈಯರ್ ಕೂಗುತ್ತಿದೆ ಎಂದು ಹೊರಟೇ ಹೋದಳು.

ಎಲ್ಲರೂ ಹೋದ ಮೇಲೆ ಲೋಟ ತೊಳೆಯುತ್ತಿದ್ದೆ.
ಗೋಡೆಯಾಚೆ ಅವಳ ಯಂತ್ರಗಳು ತಿರುಗುತ್ತಿದ್ದವು.
ಮೂರು ಲೋಟ ಬೋರಲಿಟ್ಟು
ನಾಲ್ಕನೆಯದನ್ನು ಕೈಯಲ್ಲೇ ಹಿಡಿದು
ಎಷ್ಟು ಹೊತ್ತು ನಿಂತೆನೋ.