ಎರಡು ಚೌಕ

ಹಾಲ್‌ನ ಗೋಡೆಗೆ ಮೋನಾಕ ಎರಡು ಚೌಕ ಬಳಿದು ಹೋಗಿ
ಇವತ್ತಿಗೆ ಹನ್ನೊಂದು ದಿನ.
ಕಂಪೆನಿಯ ಪುಸ್ತಕದಲ್ಲಿ ಎಡದ್ದು ‘ಗೋಧಿ ಹೊಲ’,
ಬಲದ್ದು ‘ಮರುಭೂಮಿಯ ಮುಂಜಾವು’.
ಉರ್ವದ ಈ ಮೂರನೇ ಮಾಳಿಗೆಯಲ್ಲಿ ನಾವು
ಗೋಧಿ ಹೊಲ ಕಂಡವರಲ್ಲ, ಮರುಭೂಮಿಯನ್ನೂ.

ಹಾಗಾಗಿ ನಮ್ಮದೇ ಹೆಸರು ಇಟ್ಟೆವು.
ಒಂದು, ಕುಚ್ಚಲಕ್ಕಿ ಗಂಜಿಯ ತೆಳಿ.
ಇನ್ನೊಂದು, ಅದೇ ತೆಳಿಗೆ
ಹಂಚಿನ ಪುಡಿ ಒಂದು ಚಿಟಿಕೆ ಬಿದ್ದ ಹಾಗೆ.

ಬೆಳಿಗ್ಗೆ ಎಂಟಕ್ಕೆ ಗಂಜಿಯೇ ಚಂದ.
ನಾಲ್ಕೂವರೆಗೆ ಕಡಲ ಕಡೆಯ ಬಿಸಿಲು ಓರೆಯಾಗಿ ಒಳಗೆ ಬಂದರೆ
ಹಂಚಿನದ್ದು ಕೆನ್ನೆಯ ಹಾಗೆ ಬಿಸಿಯೇರುತ್ತದೆ,
ಗಂಜಿ ಹಳಸುತ್ತದೆ.
ಟ್ಯೂಬ್‌ಲೈಟ್ ಹಾಕಿದರೆ ಎರಡೂ ಆಸ್ಪತ್ರೆ.
“ಎರಡೂ ಒಂದೇ ಅಲ್ವಾ ಮಾರಾಯ್ತಿ?” ಎನ್ನುತ್ತಾರೆ ಇವರು,
ಬಂಗುಡೆಯ ಕಣ್ಣು ನೋಡಿ
ನಿನ್ನೆಯದ್ದೋ ಇವತ್ತಿನದ್ದೋ ಹೇಳುವ ಮನುಷ್ಯ!

ಮೊನ್ನೆ ಅತ್ತೆಯ ಬಲಗಣ್ಣಿನ ಪಟ್ಟಿ ಬಿಚ್ಚಿದರು.
ಪೊರೆ ತೆಗೆದದ್ದು ಅದೊಂದಕ್ಕೆ.
ಎಡದ್ದಕ್ಕೆ ಬರುವ ತಿಂಗಳು ಇಪ್ಪತ್ತು.
ಕಪ್ಪು ಕನ್ನಡಕ ಹಣೆಗೇರಿಸಿ ಗೋಡೆಯೆದುರು ನಿಂತರು,
ಅಂಗೈಯಿಂದ ಒಂದು ಕಣ್ಣು ಮುಚ್ಚಿ, ಮತ್ತೆ ಇನ್ನೊಂದು,
ಸಂತೆಯಲ್ಲಿ ಸೌತೆ ತಟ್ಟಿ ನೋಡುವ ಗತ್ತು.
“ಹೊಸ ಕಣ್ಣಿಗೆ ಎರಡು ಬಣ್ಣ ಉಂಟು.
ಹಳೆಯದಕ್ಕೆ ಒಂದೇ. ಚಾ ಚೆಲ್ಲಿದ ಹಾಗೆ.”
ಸ್ವಲ್ಪ ಹೊತ್ತು ಬಿಟ್ಟು,
“ಇಷ್ಟು ವರ್ಷ ಈ ಗೋಡೆ ಹಳದಿ ಅಂತಲೇ ತಿಳಿದಿದ್ದೆ.
ಬಿಳಿಯಾ ಇದು?”

ಬಿಳಿ. ನಾವು ಬಂದಾಗಿನಿಂದಲೂ ಬಿಳಿ.

ಆಮೇಲೆ ನನ್ನ ಕಡೆ ತಿರುಗಿದರು.
ಅದೇ ಅಂಗೈ. ಒಂದು ಕಣ್ಣು, ಮತ್ತೊಂದು.
ಕೈಯಲ್ಲಿ ಸೌಟು ಹಿಡಿದು
ಗೋಡೆಯ ಹಾಗೆ ನಿಂತೆ.
“ಇದರಲ್ಲಿ ನಿನ್ನ ಕಣ್ಣ ಕೆಳಗೆ ಕಪ್ಪು ಬಂದಿದೆ, ವಾರಿಜಾ.
ಅದರಲ್ಲಿ ಇನ್ನೂ ಅರಸಿನ ಹಚ್ಚಿ ಕೂರಿಸಿದ ಹಾಗೆ ಉಂಟು.”

ಯಾವುದು ಸರಿ ಎಂದು ಅವರು ಹೇಳಲಿಲ್ಲ,
ನಾನೂ ಕೇಳಲಿಲ್ಲ.
ಕುಕ್ಕರ್ ಕೂಗಿತು.

ಸಂಜೆ ಮೋನಾಕನ ಫೋನು.
“ಅಕ್ಕಾ, ಯಾವುದು ಮಾಡುವ? ಮಳೆ ಹಿಡಿದರೆ ಗೋಡೆ ಒಣಗ್ಲಿಕ್ಕಿಲ್ಲ.
ಮತ್ತೆ ಈ ಉಪ್ಪುಗಾಳಿಗೆ
ಎರಡು ವರ್ಷ ಕಳೆದರೆ ಎಲ್ಲ ಒಂದೇ, ನೋಡಿ.”
ಬರುವ ತಿಂಗಳ ಇಪ್ಪತ್ತು ಕಳೆಯಲಿ ಎಂದೆ.
“ಇಪ್ಪತ್ತಕ್ಕೆ ಎಂತ ಉಂಟು?”
ಇನ್ನೊಂದು ಕಣ್ಣು, ಎಂದೆ.

ಆಚೆ ಕಡೆ ಸ್ಕೂಟರಿನ ಸದ್ದು, ಯಾರೋ ಹಾರ್ನ್ ಹೊಡೆದದ್ದು.
ಅವನಿಗೆ ಎಷ್ಟು ಕೇಳಿಸಿತೋ.
“ಹಾಗಾದರೆ ಪ್ರೈಮರ್ ಮಾತ್ರ ಹೊಡೆದಿಡ್ಲಾ?”