ಗೋದಡಿಯ ಒಳಜೇಬು

ಮೊದಲೇ ಹೇಳಿಬಿಡುತ್ತೇನೆ,
ನನಗೆ ಹೊಲಿಗೆ ಬರುವುದಿಲ್ಲ.
ಬರುವುದಿಲ್ಲ ಎಂದು ತಿಳಿಯಲಿಕ್ಕೇ
ನಾಲ್ಕು ಪೋಲ್ಕೆ, ಒಂದು ಜೋಡಿ ಪರದೆ,
ಅತ್ತೆಯ ದಿಂಬಿನ ಚೀಲವೊಂದು ಬಲಿಯಾದವು.

ಮೊದಲ ಪೋಲ್ಕೆಗೆ ಎರಡೂ ಎಡತೋಳು.
ಹಾಕಿಕೊಂಡು ಕನ್ನಡಿಯೆದುರು ನಿಂತರೆ
ಬಲಗೈ ತಾನಾಗಿ ಮೇಲೆದ್ದು
ಕೋಡಿಬಾಗ ಬಸ್ಸಿಗೆ ಕೈ ಮಾಡಿದ ಹಾಗೆ
ನಿಂತೇಬಿಟ್ಟಿತು, ಇಳಿಯಲೊಲ್ಲದು.
ಪಕ್ಕದ ಮನೆಯ ಎಸ್ಪೆರಾನ್ಸ ಬಾಯಿ ಕಿಟಕಿಯಲ್ಲಿ ಇಣುಕಿ
"ಯಾರನ್ನೇ ಕರೀತಿದ್ದಿ?" ಅಂದಳು.

ಪರದೆಗೆ ಟೇಪು ಸಿಗದೆ ಗೇಣು ಹಾಕಿದೆ.
ಒಂದಕ್ಕೆ ನನ್ನ ಗೇಣು, ಒಂದಕ್ಕೆ ಪುಂಡಲೀಕನದು.
ಅವನದು ನೆಲ ಗುಡಿಸುತ್ತದೆ;
ನನ್ನದು ಮೊಣಕಾಲು ತೋರಿಸಿ ನಿಂತಿದೆ,
ಕಾಳಿಯ ನೀರಲ್ಲಿ ಬಳಚು ಹೆಕ್ಕಲು
ಸೀರೆ ಎತ್ತಿ ಕಟ್ಟಿದವಳ ಹಾಗೆ.

ಇಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು.
ಅಂಕೋಲೆಯಿಂದ ನಾದಿನಿ ಶೇವಂತಿಯ ಬಸಿರಿನ ಸುದ್ದಿ ಬಂತು.
"ಕೂಸಿಗೆ ಗೋದಡಿ ನಾನೇ ಹೊಲಿಯುವೆ"
ಎಂದಿತು ಬಾಯಿ, ನನ್ನನ್ನು ಕೇಳದೆ.
ಅತ್ತೆ ಕನ್ನಡಕ ಒರೆಸಿ ಹಾಕಿಕೊಂಡರು,
ಏನೂ ಅನ್ನಲಿಲ್ಲ,
ಡಬ್ಬಿಯಿಂದ ಏಳು ಸೂಜಿ ಎಣಿಸಿ ಕೊಟ್ಟರು.
ಆ ಎಣಿಸಿದ್ದು ಇದೆಯಲ್ಲ, ಅದು ಚುಚ್ಚಿದಷ್ಟು
ಯಾವ ಸೂಜಿಯೂ ಚುಚ್ಚಲಿಲ್ಲ.

ಹಳೆ ಸೀರೆ ಮೂರು, ಲುಂಗಿ ಎರಡು,
ಒಳಪದರಕ್ಕೆ ಪುಂಡಲೀಕನ ಕಂದು ಪ್ಯಾಂಟಿನ ತುಂಡು.
ನೆಲಕ್ಕೆ ಹಾಸಿ, ಅದರ ಮೇಲೇ ಕೂತು
ಮೂಲೆಯಿಂದ ಟಾಕಿ ಹಾಕುತ್ತ ಬಂದೆ.
ದೇವರಾಣೆ, ಸಾಲು ನೆಟ್ಟಗೆ ಬಂತು!
ನನ್ನ ದೃಷ್ಟಿಯೇ ತಾಗುವಷ್ಟು ನೆಟ್ಟಗೆ.
ಅಷ್ಟರಲ್ಲಿ ಗ್ಯಾಸಿನವ ಬಾಗಿಲು ಬಡಿದ.
ಎದ್ದೆ.
ಗೋದಡಿಯೂ ಎದ್ದಿತು.

ಇಪ್ಪತ್ತು ಸಾಲು, ನೈಟಿಯ ಸಮೇತ.

ಒಬ್ಬಳೇ ರಂಪಣಿ ಬಲೆ ಎಳೆದ ಹಾಗೆ
ಎಳೆದುಕೊಂಡೇ ಹೋದೆ ಬಾಗಿಲವರೆಗೆ.
"ಇಲ್ಲೊಂದು ಸಹಿ" ಎಂದ ಆತ,
ಮುಖ ಬಿಟ್ಟು ಕೆಳಗೆ ನೋಡಲಿಲ್ಲ, ಮರ್ಯಾದಸ್ಥ.
ಗೇಟು ದಾಟಿದ ಮೇಲೆ ನಕ್ಕದ್ದು
ಸಿಲಿಂಡರಿನ ಸದ್ದಲ್ಲ ಎಂದು ನನಗೂ ಗೊತ್ತು.

ಈಗ ಕತ್ತರಿ ಯಾವುದಕ್ಕೆ? ನೈಟಿಗೋ, ಗೋದಡಿಗೋ?
ಅತ್ತೆ ಬಗ್ಗಿ, ಬೆರಳಲ್ಲಿ ಸಾಲು ಸವರಿ
"ನೈಟಿ ಕತ್ತರಿಸು" ಅಂದರು.
"ಟಾಕಿ ಚಂದ ಬಂದಿದೆ."
ಮದುವೆಯಾಗಿ ಒಂಬತ್ತು ವರ್ಷ. ನಾನು ಅಲ್ಲೇ,
ಹಿಂಭಾಗದಲ್ಲಿ ತೂತು ಬಿದ್ದ ನೈಟಿಯಲ್ಲಿ,
ಬಹಳ ಹೊತ್ತು ಸುಮ್ಮನೆ ನಿಂತಿದ್ದೆ.

ಮರಳಿಸುವಾಗ ಸೂಜಿ ಆರೇ.
ಕೂಸಿನ ಗೋದಡಿ! ಎದೆ ಧಸಕ್ಕೆಂದಿತು.
ಹಳೆ ರೇಡಿಯೋದ ಅಯಸ್ಕಾಂತ ಕಿತ್ತು
ಇಂಚಿಂಚೂ ಉಜ್ಜಿದೆವು, ಇಲ್ಲ.
ಮೂರು ದಿನ ಮನೆಮಂದಿಯೆಲ್ಲ
ಕೂರುವ ಮುಂಚೆ ಕುರ್ಚಿ ತಡವಿದೆವು;
ಬಂದ ನೆಂಟರು ಇದು ಈ ಮನೆಯ ಪದ್ಧತಿಯೆಂದು
ತಾವೂ ಭಕ್ತಿಯಿಂದ ತಡವಿ ಕೂತರು.
ನಾಲ್ಕನೇ ದಿನ ತಲೆ ಬಾಚುವಾಗ ಸಿಕ್ಕಿತು,
ನೀಲಿ ನೂಲಿನ ಸಮೇತ,
ಅತ್ತೆಯ ತುರುಬಿನಲ್ಲಿ.
ನಾನು ಏನೂ ಅನ್ನಲಿಲ್ಲ. ಎಣಿಸಿದೆ, ಅಷ್ಟೇ. ಜೋರಾಗಿ.

ಮುಗಿಯಿತೆಂದು ಒಂದು ರಾತ್ರಿ ಹೊದ್ದು ನೋಡಿದೆವು.
ಮಗ್ಗುಲಾದರೆ ಒಳಗಿನಿಂದ ಚರಚರ.
ಪುಂಡಲೀಕ ಧಡಕ್ಕನೆ ಎದ್ದು ಕೂತ:
"ಆ ಕಂದು ಪ್ಯಾಂಟು... ಜೇಬು ನೋಡಿದ್ದೆಯಾ?"
ಐಸ್ ಫ್ಯಾಕ್ಟರಿಯಲ್ಲಿ ಕೊಟ್ಟ ಚೌತಿಯ ಬೋನಸ್ಸಂತೆ.
ಬೋನಸ್ಸೇ? ಬಂದೇ ಇಲ್ಲ ಅಂದಿದ್ದೆಯಲ್ಲ?
ಫ್ಯಾನಿನ ಸದ್ದು ಮಾತ್ರ, ಬಹಳ ಹೊತ್ತು.
ಆಮೇಲೆ ಮೆಲ್ಲಗೆ, "ಕರೆಂಟ್ ಬಿಲ್ಲೂ ಇರಬಹುದು."
ಬಿಚ್ಚಿದರೆ ಬಿಲ್ಲು, ಬಿಚ್ಚದಿದ್ದರೆ ನೋಟು.
ನಾನು ಬಿಚ್ಚಲು ಬಿಡಲಿಲ್ಲ.

ಕೂಸಿಗೀಗ ಏಳು ತಿಂಗಳು.
ಚರಚರ ಕೇಳದೆ ಕಣ್ಣು ಮುಚ್ಚುವುದಿಲ್ಲವಂತೆ.
"ಒಳಗೇನು ಹಾಕಿದ್ದಿ ಅತ್ತಿಗೆ?" ಎಂದು ಶೇವಂತಿ ಕೇಳುತ್ತಾಳೆ.
"ನಿನ್ನಣ್ಣನ ಪ್ರಾಮಾಣಿಕತೆ" ಎನ್ನುತ್ತೇನೆ.
ಅಂಕೋಲೆಗೆ ಹೋದಾಗಲೆಲ್ಲ ಪುಂಡಲೀಕ
ಕೂಸನ್ನು ಆಡಿಸುವ ನೆವದಲ್ಲಿ
ಗೋದಡಿಯ ಮೂಲೆ ಹಿಸುಕಿ ನೋಡುತ್ತಾನೆ.
ನಾನು ಆ ಮನೆಯ ಕತ್ತರಿಯ ಮೇಲೆ ಕೂತಿರುತ್ತೇನೆ.
ಕೂರುವ ಮುಂಚೆ ಕುರ್ಚಿ ತಡವಿ.